ಮೊದಲ ಜಿಂಕೆ ಕೋವಿ: ಒಂದು ಪ್ರಶ್ನೆಯ 300 ವರ್ಷ

1/10
📷 ಅಜ್ಜನ ಮನೆಯ ಜಗಲಿ ಗೋಡೆ. ಎರಡು ಗೂಟ ಇದೆ, ಕೋವಿ ಇಲ್ಲ. ಚುನಾವಣೆ ಟೈಮಲ್ಲಿ ತೆಗೆದ ಫೋಟೋ ಇದು. ಕೋವಿ ಪೊಲೀಸ್ ಸ್ಟೇಷನ್‌ನಲ್ಲಿ ಡಿಪಾಸಿಟ್ ಆಗಿತ್ತು.

ಹೋದ ವಾರ ಸ್ಟೋರಿಯಲ್ಲಿ ಒಂದು ಫೋಟೋ ಹಾಕಿದ್ದೆ, ನೆನಪಿದೆಯಾ? ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನಮ್ಮ ಸೋದರಮಾವ, ಪಕ್ಕದಲ್ಲಿ ಅವರ 12 ವರ್ಷದ ಮಗ, ಹಿಂದೆ ಗೋಡೆ ತುಂಬ ಕೋವಿಗಳು. ಅಂಗಡಿಯವನು ಒಂದು ಕೋವಿ ಇಳಿಸಿ ಹುಡುಗನ ಭುಜಕ್ಕೆ ಇಟ್ಟು ಅಳತೆ ನೋಡ್ತಿದ್ದಾನೆ, ನಮ್ಮೂರ ದರ್ಜಿ ಯೂನಿಫಾರ್ಮಿಗೆ ಅಳತೆ ತಗೊಳ್ಳೋ ಹಾಗೆ.

ಆ ಫೋಟೋಗೆ ಬಂದಷ್ಟು ಮೆಸೇಜು ನನ್ನ ಯಾವ ಶಾಸನದ ಪೋಸ್ಟಿಗೂ ಬಂದಿಲ್ಲ! "ಯಾವ ಗನ್ ತಗೊಂಡ್ರು?" "ಎಷ್ಟಾಯ್ತು?" "12 ವರ್ಷಕ್ಕೇನಾ?" ಕ್ಲಾಸ್‌ಮೇಟ್ ಒಬ್ಬ ನೇರವಾಗಿ ಕೇಳಿದ: "ಹೊಸಬರಿಗೆ ಯಾವುದು ಬೆಸ್ಟ್, ನಮ್ಮ ಕಡೆ ಶಿಕಾರಿಗೆ ಅದೇ ಆಗುತ್ತಾ?"

ಕೊನೆಯ ಪ್ರಶ್ನೆಗೆ ಒಂದೇ ಸಾಲಿನ ಉತ್ತರ ಇದೆ, ಅದನ್ನು 9ನೇ ಪೋಸ್ಟಿನಲ್ಲಿ ಹೇಳ್ತೀನಿ. ಮೊದಲನೇ ಪ್ರಶ್ನೆಗೆ ಮಾತ್ರ ಉತ್ತರ ಉದ್ದ ಇದೆ. "ಮೊದಲ ಜಿಂಕೆ ಕೋವಿ ಯಾವುದಿರಬೇಕು?" ಅನ್ನೋ ಪ್ರಶ್ನೆಯನ್ನು ಪೆನ್ಸಿಲ್ವೇನಿಯಾದ ಅಪ್ಪಂದಿರು ಸುಮಾರು 300 ವರ್ಷದಿಂದ ಕೇಳ್ತಾ ಬಂದಿದ್ದಾರೆ. ಒಂದೊಂದು ಕಾಲದಲ್ಲಿ ಒಂದೊಂದು ಉತ್ತರ ಸಿಕ್ಕಿದೆ. ಆ ಉತ್ತರಗಳನ್ನು ಸಾಲಾಗಿ ಜೋಡಿಸಿದರೆ ಕೋವಿಯ ಇತಿಹಾಸದ ಜೊತೆಗೆ ಜಿಂಕೆಯ ಇತಿಹಾಸವೂ ಸಿಗುತ್ತೆ. ನಡುವೆ ಒಂದು ಸಲ ಜಿಂಕೆಯೇ ಮುಗಿದುಹೋಗುವ ಹಂತಕ್ಕೆ ಬಂದಿತ್ತು, ಕೋವಿ ಮಾತ್ರ ಚೆನ್ನಾಗಿಯೇ ಇತ್ತು.

ಹತ್ತು ಪೋಸ್ಟ್. ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ.

2/10
📷 ಮ್ಯೂಸಿಯಂನ ಗಾಜಿನ ಹಿಂದೆ ಉದ್ದನೆಯ ಕೋವಿ. ಮಾವ ಕಳಿಸಿದ್ದು. ಅದರ ಪಕ್ಕ ನಿಂತ ಹುಡುಗ ಕೋವಿಗಿಂತ ಗಿಡ್ಡ!

1700ರ ದಶಕದ ಆರಂಭ. ಜರ್ಮನಿ, ಸ್ವಿಟ್ಜರ್ಲೆಂಡ್ ಕಡೆಯಿಂದ ವಲಸೆ ಬಂದ ಕಮ್ಮಾರರು ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಸುತ್ತಮುತ್ತ ನೆಲೆಸಿದರು. ಅವರು ತಂದ ವಿದ್ಯೆ ಒಂದು: ನಳಿಗೆಯ ಒಳಗೋಡೆಗೆ ಸುರುಳಿಯಾಕಾರದ ಗೀರು ಹಾಕೋದು. ಗೀರಿನಲ್ಲಿ ತಿರುಗುತ್ತಾ ಹೊರಬಂದ ಗುಂಡು ಬುಗುರಿ ಥರ ಸ್ಥಿರವಾಗಿ ಹೋಗುತ್ತೆ. ಇದೇ ರೈಫಲ್. ಗೀರಿಲ್ಲದ ನುಣುಪು ನಳಿಗೆಯಲ್ಲಿ ಗುಂಡು ಎತ್ತ ಹೋಗುತ್ತೆ ಅಂತ 60–70 ಮೀಟರ್ ಆಚೆಗೆ ಭರವಸೆ ಇರಲಿಲ್ಲ.

ಯುರೋಪಿನಲ್ಲಿ ಅವರು ಮಾಡ್ತಿದ್ದ ರೈಫಲ್ ಗಿಡ್ಡ, ದಪ್ಪ, ದೊಡ್ಡ ಗುಂಡಿನದು. ಅಮೆರಿಕದ ಕಾಡಂಚಿಗೆ ಅದು ಹೊಂದಲಿಲ್ಲ. ಇಲ್ಲಿಯ ರೈತನಿಗೆ ಸೀಸವೂ ದುಬಾರಿ, ಮದ್ದೂ ದುಬಾರಿ, ಅಂಗಡಿ ದೂರ. ಹಾಗಾಗಿ ನಿಧಾನಕ್ಕೆ ಕೋವಿ ಬದಲಾಯ್ತು. ಗುಂಡು ಚಿಕ್ಕದಾಯ್ತು, ನಳಿಗೆ ಒಂದು ಮೀಟರ್‌ಗಿಂತ ಉದ್ದವಾಯ್ತು, ಹಿಡಿಗೆ ಅಲ್ಲಿಯದೇ ಮೇಪಲ್ ಮರ ಬಂತು. ಎಣ್ಣೆ ಅಥವಾ ಕೊಬ್ಬು ಸವರಿದ ಬಟ್ಟೆ ತುಂಡಿನಲ್ಲಿ ಗುಂಡು ಸುತ್ತಿ ಬಾಯಿಂದ ಗಜದಲ್ಲಿ ತಳ್ಳಬೇಕು. ಚಕಮಕಿ ಕಲ್ಲಿನ ಕಿಡಿಯಿಂದ ಮದ್ದು ಹತ್ತಬೇಕು. ಒಂದು ಈಡು ಹೊಡೆದ ಮೇಲೆ ಇನ್ನೊಂದಕ್ಕೆ ಅರ್ಧ ನಿಮಿಷವೋ ಒಂದು ನಿಮಿಷವೋ ಬೇಕು.

ಈ ಕೋವಿಗೆ ಆಮೇಲೆ "ಕೆಂಟಕಿ ರೈಫಲ್" ಅಂತ ಹೆಸರು ಬಿತ್ತು. ಹುಟ್ಟಿದ್ದು ಪೆನ್ಸಿಲ್ವೇನಿಯಾದಲ್ಲಿ, ಹೆಸರು ಕೆಂಟಕಿಗೆ. ಮಾವನ ಊರಿನವರಿಗೆ ಇದರ ಬಗ್ಗೆ ಇವತ್ತಿಗೂ ಸಿಟ್ಟಿದೆ 😄

ಆ ಕಾಲದ ಹುಡುಗನಿಗೆ ಆಯ್ಕೆ ಅನ್ನೋದೇ ಇರಲಿಲ್ಲ. ಮನೆಯಲ್ಲಿ ಇರುವ ಒಂದೇ ಕೋವಿ ಅವನ ಮೊದಲ ಕೋವಿ. ಆದರೆ ಅದು ಒಂದು ಪಾಠ ಕಲಿಸ್ತಿತ್ತು: ನಿನಗಿರೋದು ಒಂದೇ ಈಡು. ಈ ಮಾತು ನೆನಪಿಟ್ಕೊಳ್ಳಿ, ಮತ್ತೆ ಬರುತ್ತೆ.

3/10
📷 ಡಾಲರ್ ನೋಟು. ಹೌದು, ಜಿಂಕೆ ಪೋಸ್ಟಿನಲ್ಲಿ ನೋಟು ಯಾಕೆ ಅಂತ ಹೇಳ್ತೀನಿ.

ಇಂಗ್ಲಿಷ್ ಸಿನಿಮಾದಲ್ಲಿ ಡಾಲರಿಗೆ "ಬಕ್" ಅಂತಾರಲ್ಲ? ಗಂಡು ಜಿಂಕೆಗೂ ಬಕ್ ಅಂತಲೇ ಹೆಸರು. ಇದು ಕಾಕತಾಳೀಯ ಅಲ್ಲ ಅನ್ನೋದು ಸಾಮಾನ್ಯವಾಗಿ ಒಪ್ಪಿಕೊಂಡಿರುವ ವಿವರಣೆ. 1700ರ ದಶಕದಲ್ಲಿ ಗಡಿನಾಡಿನ ವ್ಯಾಪಾರಕ್ಕೆ ನಾಣ್ಯ ಸಿಗ್ತಿರಲಿಲ್ಲ, ಜಿಂಕೆ ಚರ್ಮ ಸಿಗ್ತಿತ್ತು. ಪೆನ್ಸಿಲ್ವೇನಿಯಾದ ದುಭಾಷಿ ಕಾನ್ರಾಡ್ ವೈಸರ್ 1748ರಲ್ಲಿ ಬರೆದ ದಿನಚರಿಯಲ್ಲಿ ವಿಸ್ಕಿ ಪೀಪಾಯಿಯ ಬೆಲೆಯನ್ನು ಬಕ್‌ಗಳಲ್ಲೇ ಹೇಳಿದ್ದಾನೆ.

ದಕ್ಷಿಣದ ಚಾರ್ಲ್ಸ್‌ಟನ್ ಬಂದರಿನಿಂದ ಹಡಗುಗಟ್ಟಲೆ ಜಿಂಕೆ ಚರ್ಮ ಇಂಗ್ಲೆಂಡಿಗೆ ಹೋಗ್ತಿತ್ತು. ಕೈಗವಸು, ಚಡ್ಡಿ, ಪುಸ್ತಕದ ರಟ್ಟು ಎಲ್ಲಕ್ಕೂ ಅದೇ. ಬೇಟೆಯಾಡಿ ಚರ್ಮ ತಂದುಕೊಡ್ತಿದ್ದವರಲ್ಲಿ ಬಹುಪಾಲು ಮೂಲನಿವಾಸಿಗಳು. ಅವರಿಗೆ ಬದಲಿಗೆ ಸಿಗ್ತಿದ್ದದ್ದು ಬಟ್ಟೆ, ಪಾತ್ರೆ, ಹೆಂಡ ಮತ್ತು ಕೋವಿ. ಕೋವಿ ತಗೊಂಡ ಸಾಲ ತೀರಿಸೋಕೆ ಇನ್ನಷ್ಟು ಜಿಂಕೆ ಬೇಕು. ಜಿಂಕೆ ಹೊಡೆಯೋಕೆ ಮದ್ದು ಬೇಕು. ಮದ್ದಿಗೆ ಮತ್ತೆ ಸಾಲ.

ಅಂದರೆ ಆಗ "ಮೊದಲ ಕೋವಿ" ಅನ್ನೋದು ಅನೇಕರಿಗೆ ಮೊದಲ ಸಾಲ ಆಗಿತ್ತು. ನಮ್ಮ ಕಡೆ ಅಡಿಕೆ ವ್ಯಾಪಾರಿಯ ಹತ್ತಿರ ಮುಂಗಡ ತಗೊಂಡು ಮುಂದಿನ ವರ್ಷದ ಬೆಳೆ ಬರೆದುಕೊಟ್ಟವರ ಕಥೆ ಕೇಳಿದ್ದೀರಲ್ಲ, ಅದೇ ಲೆಕ್ಕ. ಅಡಿಕೆ ಮರ ಮರುವರ್ಷ ಕಾಯಿ ಬಿಡುತ್ತೆ. ಹೊಡೆದ ಜಿಂಕೆ ಮರಿ ಹಾಕಲ್ಲ.

4/10
📷 ಸ್ವೈಪ್ ಮಾಡಿ: ಸನ್ನೆಕೋಲಿನ ಕೋವಿ. ಕೌಬಾಯ್ ಸಿನಿಮಾ ನೋಡಿದವರಿಗೆ ತಕ್ಷಣ ಗೊತ್ತಾಗುತ್ತೆ.

ಈಗ ಹೀರೋ ಎಂಟ್ರಿ. ವಿಂಚೆಸ್ಟರ್ ಮಾಡೆಲ್ 1894.

ವಿನ್ಯಾಸ ಮಾಡಿದವನು ಯೂಟಾ ರಾಜ್ಯದ ಆಗ್ಡೆನ್ ಊರಿನ ಜಾನ್ ಬ್ರೌನಿಂಗ್. ಟ್ರಿಗರ್ ಸುತ್ತಲಿನ ಸನ್ನೆಯನ್ನು ಕೆಳಗೆಳೆದು ಮೇಲೆತ್ತಿದರೆ ಖಾಲಿ ತೋಟಾ ಹೊರಗೆ, ಹೊಸ ತೋಟಾ ಒಳಗೆ. ಇದು ಮೊದಲೂ ಇತ್ತು. ಹೊಸದು ಬಂದದ್ದು 1895ರಲ್ಲಿ: ಅದೇ ಕೋವಿಗೆ .30-30 ಅನ್ನೋ ತೋಟಾ, ಒಳಗೆ ಹೊಗೆಯಿಲ್ಲದ ಮದ್ದು.

ಹೊಗೆಯಿಲ್ಲದ ಮದ್ದನ್ನು ಫ್ರಾನ್ಸಿನ ಪಾಲ್ ವಿಯೇಲ್ 1884ರಲ್ಲಿ ಕಂಡುಹಿಡಿದಿದ್ದ. ಕರಿಮದ್ದಿನಲ್ಲಿ ಒಂದು ಈಡು ಹೊಡೆದರೆ ಮುಂದೆಲ್ಲ ಬಿಳಿ ಹೊಗೆ, ಜಿಂಕೆ ಬಿತ್ತೋ ಓಡಿತೋ ಕಾಣಲ್ಲ. ನಳಿಗೆಯಲ್ಲಿ ಮಸಿ. ಗುಂಡಿನ ವೇಗ ಸೆಕೆಂಡಿಗೆ ಸುಮಾರು 400 ಮೀಟರ್. ಹೊಸ ಮದ್ದಿನಲ್ಲಿ ಅದು 600 ಮೀಟರ್ ದಾಟಿತು. ವೇಗ ಹೆಚ್ಚಿದ್ದರಿಂದ ಗುಂಡು ಚಿಕ್ಕದಾದರೂ ಸಾಕಾಯ್ತು. ಗುಂಡು ಚಿಕ್ಕದಾದ್ದರಿಂದ ಕೋವಿ ಒದೆಯೋದು ಕಡಿಮೆಯಾಯ್ತು.

ಕೋವಿ ಮೂರು ಕೆ.ಜಿ. ಚಿಲ್ಲರೆ, ತೆಳ್ಳಗೆ, ಕಾಡಿನ ಪೊದೆಯಲ್ಲಿ ತಿರುಗಿಸೋಕೆ ಸುಲಭ. ಮೊಳೆ, ಸಲಿಕೆ ಮಾರುವ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗ್ತಿತ್ತು. 1927ರಲ್ಲಿ ಹತ್ತು ಲಕ್ಷದ ಕೋವಿಯನ್ನು ಅಧ್ಯಕ್ಷ ಕ್ಯಾಲ್ವಿನ್ ಕೂಲಿಜ್‌ಗೆ ಕೊಟ್ಟರು. 2006ರಲ್ಲಿ ಹಳೆಯ ಕಾರ್ಖಾನೆ ಮುಚ್ಚುವ ಹೊತ್ತಿಗೆ 70 ಲಕ್ಷಕ್ಕೂ ಹೆಚ್ಚು ತಯಾರಾಗಿದ್ದವು. ಮೂರು ತಲೆಮಾರಿನ ಅಮೆರಿಕನ್ನರಿಗೆ "ಜಿಂಕೆ ಕೋವಿ" ಅಂದ್ರೆ ಇದೇ ಚಿತ್ರ.

ಒಂದು ಸಣ್ಣ ವಿಷಯ, ನನಗೆ ಬಹಳ ಇಷ್ಟವಾದದ್ದು. ಇದರ ತೋಟಾಗಳು ನಳಿಗೆ ಕೆಳಗಿನ ಕೊಳವೆಯಲ್ಲಿ ರೈಲು ಡಬ್ಬಿಗಳ ಥರ ಒಂದರ ಹಿಂದೆ ಒಂದು ಕೂರುತ್ತವೆ. ಗುಂಡಿನ ತುದಿ ಚೂಪಾಗಿದ್ದರೆ ಒದೆತದ ಕುಲುಕಾಟಕ್ಕೆ ಮುಂದಿನ ತೋಟಾದ ಹಿಂಬದಿ ಚುಚ್ಚಿ ಕೊಳವೆಯೊಳಗೇ ಸಿಡಿಯಬಹುದು. ಅದಕ್ಕೇ .30-30 ಗುಂಡಿನ ಮೂತಿ ಚಪ್ಪಟೆ!

5/10
📷 ಕಪ್ಪುಬಿಳುಪು ಫೋಟೋ: ಕಡಿದು ಬೋಳಾದ ಗುಡ್ಡ. ಇದು ನಮ್ಮ ಘಟ್ಟ ಅಲ್ಲ, ಪೆನ್ಸಿಲ್ವೇನಿಯಾ.

ಕೋವಿ ಇಷ್ಟು ಚೆನ್ನಾಗಾದ ಹೊತ್ತಿಗೆ ಹೊಡೆಯೋಕೆ ಜಿಂಕೆಯೇ ಇರಲಿಲ್ಲ.

ತಮಾಷೆ ಅಲ್ಲ. ಯುರೋಪಿನವರು ಬರುವ ಮೊದಲು ಉತ್ತರ ಅಮೆರಿಕದಲ್ಲಿ ಬಿಳಿಬಾಲದ ಜಿಂಕೆಗಳು ಕೋಟಿಗಟ್ಟಲೆ ಇದ್ದವು. 1900ರ ಹೊತ್ತಿಗೆ ಉಳಿದದ್ದು ಮೂರರಿಂದ ಐದು ಲಕ್ಷ ಅಂತ ಅಂದಾಜು. ಅನೇಕ ಕೌಂಟಿಗಳಲ್ಲಿ ಹೆಜ್ಜೆ ಗುರುತು ಕಂಡರೇ ಊರಲ್ಲಿ ಸುದ್ದಿ.

ಇದಕ್ಕೆ ಕಾರಣ ಬರೀ ಕೋವಿ ಅಲ್ಲ. ಕಾಡನ್ನು ಮರಕ್ಕಾಗಿ, ಹೊಲಕ್ಕಾಗಿ ಬೋಳಿಸಿದ್ದರು. ರೈಲು ಬಂತು, ಐಸ್ ಪೆಟ್ಟಿಗೆ ಬಂತು. ಕಾಡಲ್ಲಿ ಹೊಡೆದ ಮಾಂಸ ಮರುದಿನ ನ್ಯೂಯಾರ್ಕ್ ಹೋಟೆಲಿನ ತಟ್ಟೆಗೆ. ಹೀಗೆ ಮಾರೋಕಂತಲೇ ವರ್ಷಪೂರ್ತಿ ಬೇಟೆಯಾಡೋರು ಹುಟ್ಟಿಕೊಂಡರು. ನಾಯಿ ಬಿಟ್ಟು ಅಟ್ಟಿದರು, ರಾತ್ರಿ ದೀಪ ಹಿಡಿದು ಹೊಡೆದರು, ಉಪ್ಪು ಸುರಿದು ಕಾದು ಕೂತು ಹೊಡೆದರು. ಗಬ್ಬದ ಹೆಣ್ಣು, ಮರಿ ಯಾವುದೂ ಲೆಕ್ಕಕ್ಕಿರಲಿಲ್ಲ.

ಇದನ್ನು ಓದುವಾಗ ನನಗೆ ಒಂದು ವಿಷಯ ಕಾಡಿತು. ನಾವು ಇತಿಹಾಸದಲ್ಲಿ ಯಾವಾಗಲೂ "ಹೊಸ ತಂತ್ರಜ್ಞಾನ ಬಂತು, ಎಲ್ಲ ಬದಲಾಯ್ತು" ಅಂತ ಬರೀತೀವಿ. ಜಿಂಕೆಯನ್ನು ಮುಗಿಸಿದ್ದರಲ್ಲಿ ಬಹುಪಾಲು ಆಗಿದ್ದು ಹಳೇ ಕರಿಮದ್ದಿನ ಕೋವಿಗಳಿಂದಲೇ. ಕೊಳ್ಳೋರು ಇದ್ದರು, ತಡೆಯೋರು ಇರಲಿಲ್ಲ. ಅಷ್ಟೇ ಸಾಕಾಗಿತ್ತು.

6/10
📷 ಬೆನ್ನಿಗೆ ಸಿಕ್ಕಿಸಿಕೊಳ್ಳುವ ಹಳೇ ಲೈಸೆನ್ಸ್ ಬಿಲ್ಲೆ.

ಹಾಗಾದರೆ ಇವತ್ತು ಅಲ್ಲಿ ಸುಮಾರು ಮೂರು ಕೋಟಿ ಬಿಳಿಬಾಲದ ಜಿಂಕೆ ಹೇಗೆ ಇವೆ? ಕಾನೂನಿನಿಂದ. ಬೋರಿಂಗ್ ಉತ್ತರ, ಆದರೆ ಸತ್ಯ.

1895: ಪೆನ್ಸಿಲ್ವೇನಿಯಾ ತನ್ನ ಗೇಮ್ ಕಮಿಷನ್ ಸ್ಥಾಪಿಸಿತು.
1900: ಲೇಸಿ ಕಾಯ್ದೆ. ಕಾನೂನು ಮುರಿದು ಹೊಡೆದ ಪ್ರಾಣಿಯನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸೋದೇ ಕೇಂದ್ರದ ಅಪರಾಧ. ಮಾಂಸದ ವ್ಯಾಪಾರಕ್ಕೆ ಪೆಟ್ಟು ಬಿತ್ತು.
1906ರಿಂದ: ಮಿಷಿಗನ್ ಮುಂತಾದ ಕಡೆಯಿಂದ ಜಿಂಕೆ ತಂದು ಪೆನ್ಸಿಲ್ವೇನಿಯಾದ ಕಾಡಿಗೆ ಬಿಟ್ಟರು.
1907: ಕೊಂಬಿರುವ ಗಂಡನ್ನು ಮಾತ್ರ ಹೊಡೆಯಬಹುದು, ಹೆಣ್ಣಿಗೆ ರಕ್ಷಣೆ.
1913: ಅಲ್ಲಿಯ ನಿವಾಸಿಗಳೂ ಬೇಟೆಗೆ ಲೈಸೆನ್ಸ್ ತಗೋಬೇಕು. ಶುಲ್ಕ ಒಂದು ಡಾಲರ್.
1937: ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆ. ಇದು ಮುಖ್ಯ. ಬೇಟೆ ಕೋವಿ ಮತ್ತು ತೋಟಾಗಳ ಮೇಲಿನ ತೆರಿಗೆ (ಇವತ್ತು 11%) ವನ್ಯಜೀವಿ ಕೆಲಸಕ್ಕೇ ಹೋಗಬೇಕು. ರಾಜ್ಯಗಳಿಗೆ ಆ ಹಣ ಬೇಕಂದ್ರೆ ಲೈಸೆನ್ಸ್ ದುಡ್ಡನ್ನು ಬೇರೆ ಬಾಬ್ತಿಗೆ ತಿರುಗಿಸೋ ಹಾಗಿಲ್ಲ.

ಅಂದ್ರೆ ಮಾವ ಮಗನಿಗೆ ಯಾವ ಹೊಸ ಕೋವಿ ತಗೊಂಡ್ರೂ ಅದರ ತೆರಿಗೆ ಕಾಡಿಗೆ ಹೋಗುತ್ತೆ.

ಆದರೆ ಕಥೆ ಇಷ್ಟು ಸಲೀಸಲ್ಲ. ಹೆಣ್ಣನ್ನು ಮುಟ್ಟಬೇಡಿ ಅಂದದ್ದು ಎಷ್ಟು ಚೆನ್ನಾಗಿ ಕೆಲಸ ಮಾಡಿತು ಅಂದ್ರೆ, ತೋಳ, ಬೆಟ್ಟದ ಸಿಂಹ ಎರಡನ್ನೂ ಆಗಲೇ ಮುಗಿಸಿದ್ದ ಕಾಡಿನಲ್ಲಿ 1920ರ ದಶಕಕ್ಕೆ ಜಿಂಕೆ ವಿಪರೀತವಾಯ್ತು. ಸಸಿಗಳನ್ನೆಲ್ಲ ಮೇಯ್ದು ಚಳಿಗಾಲದಲ್ಲಿ ಹಸಿವಿನಿಂದ ಸತ್ತವು. ಕೊನೆಗೆ ಕಮಿಷನ್ನೇ "ಹೆಣ್ಣನ್ನೂ ಹೊಡೆಯಿರಿ" ಅನ್ನಬೇಕಾಯ್ತು. ಇಪ್ಪತ್ತು ವರ್ಷ ಹೆಣ್ಣು ಹೊಡೆಯೋದು ಪಾಪ ಅಂತ ಕಲಿತಿದ್ದ ಬೇಟೆಗಾರರು ದಂಗೆ ಎದ್ದರು. ಒಳ್ಳೇ ನಿಯಮವನ್ನೂ ಕಾಲಕ್ಕೆ ತಕ್ಕ ಹಾಗೆ ಬದಲಿಸಬೇಕು ಅಂತ ಒಪ್ಪಿಸೋದು ಕಷ್ಟ.

7/10
📷 ಹುಡುಗನ ಭುಜದ ಮೇಲೆ ನೀಲಿ ಕಲೆ. ಮಾವನ ಗೆಳೆಯರ ಕೋವಿಯ ಪ್ರಸಾದ.

ಈಗ ನಿಮ್ಮ ಮೂಲ ಪ್ರಶ್ನೆ: ಹೊಸಬರಿಗೆ ಯಾವುದು?

ಎರಡು ಮಹಾಯುದ್ಧ ಮುಗಿಸಿ ಬಂದ ಸೈನಿಕರಿಗೆ ಅಗುಳಿ ಥರ ಎಳೆದು ತಳ್ಳುವ ಬೋಲ್ಟ್ ಆ್ಯಕ್ಷನ್ ಕೋವಿ, .30-06 ತೋಟಾ ಎರಡೂ ಪರಿಚಿತ. ಈ ತೋಟಾ 1906ರಲ್ಲಿ ಸೈನ್ಯಕ್ಕೆ ಅಂತ ಬಂದದ್ದು, ಹೆಸರಿನಲ್ಲೇ ಇಸವಿ ಇದೆ. 1936ರಲ್ಲಿ ವಿಂಚೆಸ್ಟರ್ ಮಾಡೆಲ್ 70, 1962ರಲ್ಲಿ ರೆಮಿಂಗ್ಟನ್ 700 ಬಂದವು. ದುರ್ಬೀನು ಕೂಡ ಸೇರಿತು. ಸನ್ನೆಕೋಲಿನ ಕೋವಿ ನಿಧಾನಕ್ಕೆ ಅಟ್ಟ ಸೇರಿತು.

ತೊಂದರೆ ಏನಾಯ್ತು ಅಂದ್ರೆ, ಯುದ್ಧಕ್ಕೆ ಹೋದ ಗಂಡಸಿನ ಕೋವಿಯೇ 12 ವರ್ಷದ ಮಗನಿಗೂ ಸಿಕ್ಕಿತು. .30-06 ಜೋರಾಗಿ ಒದೆಯುತ್ತೆ. ಒಮ್ಮೆ ಒದೆಸಿಕೊಂಡ ಹುಡುಗ ಮುಂದಿನ ಸಲ ಟ್ರಿಗರ್ ಎಳೆಯುವ ಮುಂಚೆಯೇ ಕಣ್ಣು ಮುಚ್ಚಿ ಭುಜ ಬಿಗಿ ಮಾಡ್ತಾನೆ. ನಳಿಗೆ ಒಂದು ಕೂದಲೆಳೆ ಅಲುಗಿದರೂ ನೂರು ಮೀಟರ್ ಆಚೆ ಗುಂಡು ಎಲ್ಲಿಗೋ ಹೋಗುತ್ತೆ. ಜಿಂಕೆಯ ಹೃದಯ, ಶ್ವಾಸಕೋಶ ಇರುವ ಜಾಗ ಒಂದು ಊಟದ ತಟ್ಟೆಯಷ್ಟು, ಸುಮಾರು 20 ಸೆಂ.ಮೀ. ಅಲ್ಲಿ ಬಿದ್ದರೆ ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತೆ. ಹೊಟ್ಟೆಗೆ ಬಿದ್ದರೆ ಗಂಟೆಗಟ್ಟಲೆ ನರಳಾಟ.

ಹಾಗಾಗಿ ಹೊಸಬರ ಕೋವಿಯ ಮುಂದಿನ ಇತಿಹಾಸ ಒದೆತ ಕಡಿಮೆ ಮಾಡುವ ಇತಿಹಾಸ. 1955ರಲ್ಲಿ .243 ವಿಂಚೆಸ್ಟರ್ ಬಂತು. ಅದರ ಒದೆತ .30-06ರ ಅರ್ಧದಷ್ಟು, ಆದರೂ ಜಿಂಕೆಗೆ ಸಾಕು. 1980ರಲ್ಲಿ 7ಎಂಎಂ-08, 2007ರಲ್ಲಿ 6.5 ಕ್ರೀಡ್‌ಮೂರ್. ಜೊತೆಗೆ ಚಿಕ್ಕ ಕೈಗೆ ಚಿಕ್ಕ ಹಿಡಿ. ಮೊದಲ ಫೋಟೋದಲ್ಲಿ ಅಂಗಡಿಯವನು ಅಳೀತಿದ್ದದ್ದು ಇದನ್ನೇ. ಹಿಡಿ ಉದ್ದವಾದರೆ ಹುಡುಗ ಹಿಂದಕ್ಕೆ ಬಾಗ್ತಾನೆ, ಒದೆತ ಇನ್ನೂ ಹೆಚ್ಚು ತಾಗುತ್ತೆ.

ಇನ್ನೊಂದು ಹಳೇ ಉತ್ತರವೂ ಇದೆ: ಮೊದಲು .22. 1887ರ ಈ ಪುಟ್ಟ ತೋಟಾದಲ್ಲಿ ಜಿಂಕೆ ಹೊಡೆಯೋದು ಕಾನೂನುಬಾಹಿರ, ಆದರೆ ಒದೆತವೇ ಇಲ್ಲ, ತೋಟಾ ಅಗ್ಗ. ನೂರಾರು ಸಲ ಕಾಗದಕ್ಕೆ ಹೊಡೆದು ಕೈ ಕೂರಿಸಿಕೊಳ್ಳೋದು ಇದರಲ್ಲೇ. ಆಮೇಲೆ ದೊಡ್ಡ ಕೋವಿಯಲ್ಲಿ ಪೇಪರ್ ಪ್ಲೇಟಿಗೆ ಹೊಡೆಯಬೇಕು. ಯಾವ ದೂರದಿಂದ ಎಲ್ಲ ಈಡೂ ಪ್ಲೇಟಿನೊಳಗೇ ಬೀಳುತ್ತೋ ಅದೇ ನಿನ್ನ ಗಡಿ. ಕೋವಿ 300 ಮೀಟರ್ ಹೊಡೆಯುತ್ತೆ ಅಂತ ಡಬ್ಬದ ಮೇಲೆ ಬರೆದಿರಬಹುದು. ನಿನ್ನ ಗಡಿ 70 ಆಗಿದ್ದರೆ 70.

8/10
📷 ಕಿತ್ತಳೆ ಟೊಪ್ಪಿ, ಕಿತ್ತಳೆ ಜಾಕೆಟ್. ಅಪ್ಪ ಮಗ ಇಬ್ಬರೂ ರಸ್ತೆ ಕಾಮಗಾರಿಯವರ ಥರ ಕಾಣ್ತಾರೆ 😅

ಯಾವ ಕೋವಿ ಅನ್ನೋದನ್ನು ಭುಜದ ಜೊತೆಗೆ ನೆಲವೂ ನಿರ್ಧರಿಸುತ್ತೆ. .30-06 ಗುಂಡು ಗುರಿ ತಪ್ಪಿ ಮೇಲಕ್ಕೆ ಹೋದರೆ ಐದು ಕಿ.ಮೀ. ಹತ್ತಿರ ಹೋಗಬಲ್ಲದು. ಅದಕ್ಕೇ ಸಮತಟ್ಟಾದ ಹೊಲ, ಒತ್ತೊತ್ತು ಮನೆ ಇರುವ ಒಹಾಯೋ, ಇಲಿನಾಯ್‌ನಂಥ ರಾಜ್ಯಗಳು ಜಿಂಕೆಗೆ ರೈಫಲ್ ಬಿಡದೆ, ಬಹುಕಾಲ ಶಾಟ್‌ಗನ್ನಿನಲ್ಲಿ ಒಂದೇ ದಪ್ಪ ಗುಂಡು ಹಾಕಿ ಹೊಡೆಯೋದಕ್ಕೆ ಮಾತ್ರ ಅವಕಾಶ ಕೊಟ್ಟಿದ್ದವು. ಆ ಗುಂಡು ಬೇಗ ನೆಲಕ್ಕಿಳಿಯುತ್ತೆ. ಈಚೆಗೆ ನೇರ ಗೋಡೆಯ, ಕಡಿಮೆ ದೂರ ಹೋಗುವ ತೋಟಾಗಳಿಗೂ ಒಪ್ಪಿಗೆ ಸಿಕ್ಕಿದೆ. ಪೆನ್ಸಿಲ್ವೇನಿಯಾದಲ್ಲೂ ಫಿಲಡೆಲ್ಫಿಯಾ, ಪಿಟ್ಸ್‌ಬರ್ಗ್ ಸುತ್ತ ರೈಫಲ್ ಇಲ್ಲ. ಸೆಮಿ ಆಟೊಮ್ಯಾಟಿಕ್ ರೈಫಲ್ ಅಂತೂ ಇಡೀ ರಾಜ್ಯದಲ್ಲಿ ಜಿಂಕೆಗೆ ಇಲ್ಲ. ಗೇಮ್ ನೋಡಿ ಕನಸು ಕಂಡವರು ಗಮನಿಸಿ.

ಕಿತ್ತಳೆ ಯಾಕೆ? ಬೇಟೆಗಾರರು ಒಬ್ಬರನ್ನೊಬ್ಬರು ಜಿಂಕೆ ಅಂದುಕೊಂಡು ಹೊಡೆದು ಸಾಯ್ತಿದ್ದರು. ಜಿಂಕೆಯ ಕಣ್ಣಿಗೆ ಕೆಂಪು, ಕಿತ್ತಳೆ ಸರಿಯಾಗಿ ಕಾಣಲ್ಲ, ಮನುಷ್ಯನಿಗೆ ಕಣ್ಣಿಗೆ ಹೊಡೆಯುತ್ತೆ. ಪೆನ್ಸಿಲ್ವೇನಿಯಾದಲ್ಲಿ ರೈಫಲ್ ಸೀಸನ್ನಿನಲ್ಲಿ ತಲೆ, ಎದೆ, ಬೆನ್ನು ಸೇರಿ ಕನಿಷ್ಠ 250 ಚದರ ಇಂಚು ಕಿತ್ತಳೆ ಇರಲೇಬೇಕು. ಹೊಸಬರಿಗೆ ತರಬೇತಿ ಕಡ್ಡಾಯ ಮಾಡಿದ ಮೊದಲ ರಾಜ್ಯ ನ್ಯೂಯಾರ್ಕ್, 1949ರಲ್ಲಿ, ಕಿರಿಯರಿಗೆ. ಈಗ ಬಹುತೇಕ ಎಲ್ಲ ಕಡೆ ಇದೆ.

ನಮ್ಮ ಹುಡುಗನೂ ಆ ಪರೀಕ್ಷೆ ಬರೆದ. ಕೋವಿ ಯಾವಾಗಲೂ ತುಂಬಿದೆ ಅಂತಲೇ ತಿಳಿ. ನಳಿಗೆ ಯಾರ ಕಡೆಗೂ ತಿರುಗಬಾರದು. ಗುರಿ ಏನು, ಅದರ ಹಿಂದೆ ಏನಿದೆ, ಎರಡೂ ಗೊತ್ತಿರಬೇಕು. ಹೊಡೆಯುವ ತನಕ ಬೆರಳು ಟ್ರಿಗರಿನಿಂದ ಹೊರಗೆ. ಪಾಸಾದ. ಕೋವಿ ಅವನ ಹೆಸರಲ್ಲಿಲ್ಲ. ಅಂಗಡಿಯಿಂದ ರೈಫಲ್ ಕೊಳ್ಳೋಕೆ ಕನಿಷ್ಠ 18 ಆಗಬೇಕು, ಕೊಳ್ಳುವವರ ಹಿನ್ನೆಲೆ ಪರಿಶೀಲನೆಯೂ ಆಗುತ್ತೆ. ಅದು ಅಪ್ಪನ ಕೋವಿ, ಅಪ್ಪನ ಬೀಗದೊಳಗೆ.

9/10
📷 ಭದ್ರಾ ಕಡೆ ಹೋದಾಗ ತೆಗೆದದ್ದು. ಕಡವೆ. ಕ್ಯಾಮೆರಾ ನನ್ನದಲ್ಲ, ಅಕ್ಕನದ್ದು.

ಈಗ ಆ ಒಂದೇ ಸಾಲಿನ ಉತ್ತರ. "ನಮ್ಮ ಕಡೆ ಶಿಕಾರಿಗೆ ಯಾವುದಾಗುತ್ತೆ?" ಯಾವುದೂ ಆಗಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಜಿಂಕೆ, ಕಡವೆ, ಕಾಡುಕುರಿ ಹೊಡೆಯೋದು ಅಪರಾಧ, ಜೈಲು ಇದೆ. ಮನೆಯಲ್ಲಿ ಬೆಳೆ ರಕ್ಷಣೆ ಲೈಸೆನ್ಸಿನ ಕೋವಿ ಇದೆ ಅಂದ್ರೆ ಬೇಟೆಗೆ ಲೈಸೆನ್ಸ್ ಇದೆ ಅಂತಲ್ಲ.

"ಕೊಡಗಿನವರಿಗೆ ಲೈಸೆನ್ಸೇ ಬೇಡವಲ್ಲ?" ಅಂತ ಇಬ್ಬರು ಕೇಳಿದ್ದಾರೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇರೋದು ನಿಜ. ಅದರ ಬೇರು 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಹೊರಡಿಸಿದ ಆದೇಶದಲ್ಲಿದೆ, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಆಗುತ್ತೆ, ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆ ನಡೆಯುತ್ತೆ. ಆ ವಿನಾಯಿತಿ ಕೋವಿ ಇಟ್ಟುಕೊಳ್ಳೋಕೆ. ಜಿಂಕೆ ಹೊಡೆಯೋಕೆ ಅಲ್ಲ.

"ಅಮೆರಿಕದವರಿಗೆ ಮಾತ್ರ ಯಾಕೆ ಬಿಟ್ಟಿದ್ದಾರೆ, ಇದು ಅನ್ಯಾಯ" ಅನ್ನೋ ಕಮೆಂಟೂ ಬಂತು. 5 ಮತ್ತು 6ನೇ ಪೋಸ್ಟ್ ಮತ್ತೆ ಓದಿ. ಅಲ್ಲಿ ತೋಳ ಹೋದ ಮೇಲೆ ಜಿಂಕೆ ಮಿತಿಮೀರಿತು. ನಮ್ಮ ಕಾಡಿನಲ್ಲಿ ಹುಲಿ, ಚಿರತೆ, ಸೀಳುನಾಯಿ ಇನ್ನೂ ಇವೆ. ಇಲ್ಲಿ ಜಿಂಕೆಗೆ ಬೇಟೆಗಾರರು ಆಗಲೇ ಇದ್ದಾರೆ. ಎರಡು ಕಾಡು, ಎರಡು ಇತಿಹಾಸ. ನಿಯಮ ಒಂದೇ ಇರಬೇಕಾಗಿಲ್ಲ.

10/10
📷 ಅಜ್ಜ. ಕೈಯಲ್ಲಿ ಫೋನು, ವಿಡಿಯೊ ಕಾಲ್‌ನಲ್ಲಿ ಮೊಮ್ಮಗ.

ನಮ್ಮಜ್ಜನಿಗೆ ಈಗ 80. ಮಾವ ಕೋವಿ ತಗೊಳ್ಳೋ ಮುಂಚೆ ಅಜ್ಜನಿಗೆ ಫೋನ್ ಮಾಡಿದ್ರು. "ಅಪ್ಪ, ಹುಡುಗ್ರ ಜೊತೆ ಇವನೂ ಹೋಗ್ಬೇಕಂತೆ. ಮೊದಲ್ನೇ ಕೋವಿ ಯಾವ್ದು ಕೊಡಿಸ್ಲಿ?"

ಅಜ್ಜ ಕೋವಿ ವಿಷಯ ಮಾತಾಡಲಿಲ್ಲ. ನಾವ್ಯಾರೂ ಕೇಳಿರದ ಒಂದು ಕಥೆ ಹೇಳಿದ್ರು. 1972ಕ್ಕಿಂತ ಮುಂಚೆ, ಅವರಿಗೆ 22 ಇದ್ದಾಗಿನ ಮಾತು. ಪಕ್ಕದ ಮನೆಯವರ ಕೇಪಿನ ಕೋವಿ ಇಸ್ಕೊಂಡು ಮರಸಿಗೆ ಕೂತಿದ್ರಂತೆ. ಕಡವೆ ಬಂತು, ದೂರ ಇತ್ತು. ಆ ಕೋವಿಗೆ ಅಷ್ಟು ದೂರ ಆಗಲ್ಲ ಅಂತ ಗೊತ್ತಿತ್ತು. "ಮೊದಲ್ನೇ ಸಲ ನೋಡು, ಬರಿಗೈಲಿ ಹೋದ್ರೆ ನಗ್ತಾರೆ ಅಂತ ಹೊಡ್ದೆ." ಪೆಟ್ಟು ಬಿತ್ತು, ಕಡವೆ ಬೀಳಲಿಲ್ಲ. ರಕ್ತದ ಜಾಡು ಹಿಡಿದು ಹಳ್ಳದ ತನಕ ಹೋದ್ರು. ಮಳೆ ಬಂತು, ಜಾಡು ಅಳಿಸಿಹೋಯ್ತು. ನಾಲ್ಕನೇ ದಿನ ದನ ಕಾಯೋರು ಬಂದು ವಾಸನೆ ಬರ್ತಿದೆ ಅಂದ್ರು. ಹೋಗಿ ನೋಡಿದ್ರೆ ಹೆಣ್ಣು. ಗಬ್ಬ ಇತ್ತು.

"ಆಮೇಲೆ?" ಅಂತ ಮಾವ ಕೇಳಿದ್ರು. "ಆಮೇಲೇನು. ಹಂದಿ ಓಡ್ಸೋಕೆ ಗಾಳಿಗೆ ಹೊಡ್ದಿದ್ದೀನಿ, ಅಷ್ಟೇ" ಅಂದ್ರು ಅಜ್ಜ.

ಮಾವ .243 ತಗೊಂಡ್ರು, ಗಿಡ್ಡ ಹಿಡಿಯದು. ಬೇಸಿಗೆಯಿಡೀ ಹುಡುಗ .22ನಲ್ಲಿ ಕಾಗದಕ್ಕೆ ಹೊಡೆದ. ಆಮೇಲೆ ಹೊಸ ಕೋವಿಯಲ್ಲಿ ಪ್ಲೇಟಿಗೆ. ಅವನ ಗಡಿ 80 ಗಜ ಅಂತ ಗೊತ್ತಾಯ್ತು.

ಪೆನ್ಸಿಲ್ವೇನಿಯಾದಲ್ಲಿ ರೈಫಲ್ ಸೀಸನ್ನು ಥ್ಯಾಂಕ್ಸ್‌ಗಿವಿಂಗ್ ಮುಗಿದ ಶನಿವಾರ ಶುರು. 2018ರ ತನಕ ಸೋಮವಾರ ಇತ್ತು, ಎಷ್ಟೋ ಊರಲ್ಲಿ ಆ ದಿನ ಶಾಲೆಗೆ ರಜೆಯನ್ನೇ ಕೊಡ್ತಿದ್ರು. ಬೆಳಗ್ಗೆ ಅಪ್ಪ ಮಗ ಗುಡ್ಡ ಹತ್ತಿ ಕೂತರು. ಒಂಬತ್ತು ಗಂಟೆಗೆ ಒಂದು ಗಂಡು ಬಂತು, 60 ಗಜ, ನಿಂತುಕೊಂಡಿತು. ಗುಡ್ಡದ ನೆತ್ತಿಯ ಮೇಲೆ, ಹಿಂದೆ ಬರೀ ಆಕಾಶ. ನೆತ್ತಿಯ ಆಚೆ ಏನಿದೆ ಅಂತ ಕಾಣಲ್ಲ, ಕೆಳಗೆಲ್ಲೋ ರಸ್ತೆ ಇತ್ತು. ಹುಡುಗ ಕೋವಿ ಎತ್ತಿದ, ನೋಡಿದ, ಇಳಿಸಿದ. ಜಿಂಕೆ ಹೋಯ್ತು. ಆ ದಿನ ಮತ್ತೆ ಯಾವುದೂ ಬರಲಿಲ್ಲ.

ಶಾಲೆಯಲ್ಲಿ ಗೆಳೆಯರು ನಕ್ಕರಂತೆ. ಸಂಜೆ ವಿಡಿಯೊ ಕಾಲ್‌ನಲ್ಲಿ ಮುಖ ಸಣ್ಣ ಮಾಡ್ಕೊಂಡು ಅಜ್ಜನಿಗೆ ಎಲ್ಲ ಹೇಳಿದ. ಅಜ್ಜ ಪೂರ್ತಿ ಕೇಳಿಸಿಕೊಂಡು, "ನಗ್ಲಿ ಬಿಡು ಮಗಾ. ನಾನು ಅವತ್ತು ನಿನ್ನಷ್ಟು ಜಾಣ ಇರ್ಲಿಲ್ಲ" ಅಂದ್ರು. ಆಮೇಲೆ, ಊಟ ಆಯ್ತಾ, ಏನು ಮಾಡಿದ್ರು ಅಂತ ಕೇಳಿದ್ರು.

ಮೇಲಿನ ಫೋಟೋ ಆ ಕಾಲ್‌ನದ್ದೇ.

ನಿಮ್ಮ ಮನೆಯ ಅಜ್ಜ, ಮುತ್ತಜ್ಜ ಯಾರಾದ್ರೂ ಶಿಕಾರಿ ಮಾಡಿದ್ದರೆ, ಹೊಡೆದ ಕಥೆ ಬೇಡ, ಹೊಡೆಯದೇ ಬಿಟ್ಟ ಕಥೆ ಕೇಳಿ ಬನ್ನಿ. ಕಮೆಂಟ್‌ನಲ್ಲಿ ಬರೀರಿ, ಎಲ್ಲವನ್ನೂ ಓದ್ತೀನಿ. ಮುಂದಿನ ಸರಣಿ ಸಂಪೂರ್ಣ ಸಸ್ಯಾಹಾರಿ: ಅಡಿಕೆ ಕತ್ತಿಯ ಇತಿಹಾಸ 🌿

#ಇತಿಹಾಸ #ಕೋವಿ #ಜಿಂಕೆ #ಮಲೆನಾಡು #ಅಜ್ಜನಕಥೆ